ಸೆರೆಸಿಕ್ಕ ರಾಜಕುಮಾರನ ಅಳು

ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ ಎಂದು ನೋಯ್ಡಾದ ನಮ್ಮ ಕನ್ನಡ ಬಳಗದಲ್ಲಿ ಎಲ್ಲರಿಗೂ ಗೊತ್ತು. ಆದರೂ ರಾಜ್ಯೋತ್ಸವ ಹತ್ತಿರ ಬಂದರೆ ಸಾಕು, ಮಕ್ಕಳ ನಾಟಕವನ್ನು ನನ್ನ ತಲೆಗೇ ಕಟ್ಟುತ್ತಾರೆ. ಕಳೆದ ಸಲ ಒಂದು ಅಡಗೂಲಜ್ಜಿ ಕಥೆ ಆರಿಸಿದ್ದೆ. ಏಳು ಸಮುದ್ರದಾಚೆ ರಾಕ್ಷಸ ರಾಜಕುಮಾರಿಯನ್ನು ಗೋಪುರದಲ್ಲಿ ಕೂಡಿಹಾಕುತ್ತಾನೆ, ರಾಜಕುಮಾರ ಹೋಗಿ ಬಿಡಿಸಿ ತರುತ್ತಾನೆ.

ಮೊದಲ ದಿನವೇ ಹುಡುಗಿಯರು ತಕರಾರು ತೆಗೆದರು. "ಆಂಟಿ, ಹರ್ ಬಾರ್ ನಾವೇ ಯಾಕೆ ಕಿಟಕೀಲಿ ಕೂತು ಅಳಬೇಕು? ಈ ಸಲ ಹುಡುಗರು ಅಳಲಿ!"

ನ್ಯಾಯವಾದ ಮಾತೇ. ಅದಲು ಬದಲು ಮಾಡೋಣ ಎಂದೆ. ಕತ್ತಿ ಹಿಡಿಯುವ ಪಾತ್ರಕ್ಕೆ ಹುಡುಗಿಯರು ಕಿತ್ತಾಡಿದರು. ಸೆರೆಯಲ್ಲಿ ಕೂರಲು ಮಾತ್ರ ಒಬ್ಬ ಹುಡುಗನೂ ಮುಂದೆ ಬರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಒಬ್ಬ ಕೈ ಎತ್ತಿದ. ಗ್ರೇಟರ್ ನೋಯ್ಡಾದಿಂದ ಬರುತ್ತಿದ್ದ ಹದಿನಾರರ ಹುಡುಗ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸ್ವಭಾವ. ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಅಷ್ಟಾಗಿ ಹೊರಳುತ್ತಿರಲಿಲ್ಲ.

ಆದರೆ ಗೋಪುರದ ಆ ಮಾತು! "ಯಾರಾದರೂ ಇದ್ದೀರಾ? ನನಗೆ ಹೆದರಿಕೆ ಆಗ್ತಿದೆ. ನನ್ನನ್ನ ಮನೆಗೆ ಕರ್ಕೊಂಡು ಹೋಗಿ." ಅವನು ಹೇಳಿದ್ದೇ ತಡ, ಗಲಾಟೆ ಮಾಡುತ್ತಿದ್ದ ಮಕ್ಕಳೆಲ್ಲ ಗಪ್‌ಚಿಪ್. ಅವನ ಕಣ್ಣಲ್ಲಿ ನಿಜವಾದ ನೀರು.

"ಎಲ್ಲಿ ಕಲಿತೆ ಮರಿ?" ಎಂದು ಆಮೇಲೆ ಕೇಳಿದೆ.

"ಲಕ್ಷ್ಮೀ ನಗರದ ಕೋಚಿಂಗ್ ಕ್ಲಾಸಲ್ಲಿ ಕೂತಾಗ ದಿನಾ ಹೀಗೇ ಅನ್ಸುತ್ತೆ ಆಂಟಿ. ಪಪ್ಪಂಗೆ ಹೇಳೋಕೆ ಆಗಲ್ಲ. ಅಷ್ಟೇ, ಅವರು ಈ ಸೀನ್ ನೋಡಬೇಕು."

ಅಪ್ಪನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ.

ಅಷ್ಟರಲ್ಲಿ ಒಂದು ದಿನ ತಾಲೀಮು ನೋಡಲು ಬಳಗದ ಕಾರ್ಯದರ್ಶಿ ಬಂದರು. "ಮೇಡಂ, ಭಾನುವಾರ ಜನ ಅಳೋಕೆ ಬರ್ತಾರಾ? ಆ ಹುಡುಗನಿಗೆ ಸ್ವಲ್ಪ ಲಿಪ್‌ಸ್ಟಿಕ್ ಹಚ್ಚಿ, ತಲೆ ಮೇಲೊಂದು ಸೆರಗು ಹಾಕ್ಸಿ. ಸಖತ್ ಕಾಮಿಡಿ ಆಗುತ್ತೆ."

ಮೈಯೆಲ್ಲ ಉರಿದುಹೋಯಿತು. ನಾನೂ ಹುಡುಗಿಯಾಗಿದ್ದಾಗ ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನ ಶಾಮಿಯಾನದಡಿ ಇಂಥದೇ ಗೋಪುರದಲ್ಲಿ ಕೂತು ಅತ್ತವಳು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಗಂಡಸರು ಗಂಟಲು ಸರಿಮಾಡಿಕೊಂಡರು. ಆಗ ಕಾಮಿಡಿ ಬೇಕು ಎಂದು ಯಾವ ಮಹಾನುಭಾವನೂ ಕೇಳಲಿಲ್ಲವಲ್ಲ!

"ನಾಟಕ ಇರೋ ಹಾಗೇ ಇರುತ್ತೆ. ಬೇಡ ಅಂದ್ರೆ ನೀವೇ ಆಡಿಸ್ಕೊಳ್ಳಿ," ಎಂದೆ. ತೆಪ್ಪಗೆ ಹೊರಟರು.

ರಾಜ್ಯೋತ್ಸವದ ದಿನ ಸೊಸೈಟಿಯ ಹಾಲ್ ತುಂಬಿತ್ತು. ಹುಡುಗನ ಅಪ್ಪ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ರಾಜಕುಮಾರಿ ಕತ್ತಿ ಹಿಡಿದು ಬಂದಾಗ ಏನು ಚಪ್ಪಾಳೆ, ಏನು ಶಿಳ್ಳೆ! "ಭಲೇ ಮಗಳೇ!" ಎಂದು ಜನ ಕೂಗಿದರು. ನಾನೂ ಹಿಗ್ಗಿದೆ.

ನಂತರ ಗೋಪುರದ ದೃಶ್ಯ. "ಯಾರಾದರೂ ಇದ್ದೀರಾ? ನನಗೆ ಹೆದರಿಕೆ ಆಗ್ತಿದೆ." ಅವನ ದನಿ ನಡುಗಿತು, ಕೆನ್ನೆಯ ಮೇಲೆ ನೀರಿಳಿಯಿತು. ಹಿಂದಿನಿಂದ ಯಾರೋ, "ಅಯ್ಯೋ ಪಾಪ, ಪಲ್ಲಕ್ಕಿ ಕಳಿಸ್ರೋ!" ಎಂದರು. ಇಡೀ ಹಾಲ್ ಗೊಳ್ಳೆಂದಿತು. ಹುಡುಗ ಮಾತು ನಿಲ್ಲಿಸಿ ಅಪ್ಪನ ಕಡೆ ನೋಡಿದ. ಅಪ್ಪನೂ ನಗುತ್ತಿದ್ದರು.

ಅವನು ಕಣ್ಣೊರೆಸಿಕೊಂಡು, ಹೆಗಲ ಶಲ್ಯವನ್ನು ತಲೆಯ ಮೇಲೆ ಎಳೆದುಕೊಂಡು, ಕೀರಲು ದನಿಯಲ್ಲಿ "ಬೇಗ ಬನ್ರೋ, ನನ್ನ ಮೇಕಪ್ ಹಾಳಾಗ್ತಿದೆ!" ಎಂದುಬಿಟ್ಟ. ಚಾವಣಿ ಹಾರಿಹೋಗುವಷ್ಟು ನಗು. ಕೊನೆಯವರೆಗೂ ಹಾಗೇ ಕುಣಿದ. ಪರದೆಯ ಪಕ್ಕದಲ್ಲಿ ನಿಂತು ಹಲ್ಲು ಕಡಿದೆ. ಇನ್ನೇನು ಮಾಡಲಿ? ಹುಡುಗಿಗೆ ಕತ್ತಿ ಕೊಟ್ಟರೆ ಎದ್ದು ನಿಂತು ಚಪ್ಪಾಳೆ ತಟ್ಟುವ ಜನಕ್ಕೆ ಹುಡುಗನ ಕಣ್ಣೀರು ತಮಾಷೆ. ಕಥೆ ತಿರುಗಿಸಿ ಅಂದರೆ ಅರ್ಧಕ್ಕೇ ನಿಂತುಬಿಡುತ್ತಾರೆ, ಥೂ!

ಅವನಿಗೆ ಅತ್ಯುತ್ತಮ ಹಾಸ್ಯನಟ ಬಹುಮಾನ ಕೊಟ್ಟರು. "ನೋಡಿದ್ರಾ ಮೇಡಂ?" ಎನ್ನುವಂತೆ ಕಾರ್ಯದರ್ಶಿ ನನ್ನ ಕಡೆ ಹುಬ್ಬು ಹಾರಿಸಿದರು.

ಊಟದ ಸಾಲಿನಲ್ಲಿ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಹುಡುಗ ಅವರ ಹಿಂದೆಯೇ ಇದ್ದ. "ನಮ್ಮವನಲ್ಲಿ ಇಂಥ ಕಲೆ ಇದೆ ಅಂತ ಗೊತ್ತೇ ಇರ್ಲಿಲ್ಲ ಮೇಡಂ. ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿಬಿಟ್ಟ!"

"ನಗಿಸಿದ್ದು ಆಮೇಲೆ ಸ್ವಾಮಿ. ಮೊದಲು ಅತ್ತ. ನಿಮ್ಮನ್ನೇ ನೋಡ್ಕೊಂಡು ಅತ್ತ. ಕಾಣಿಸಲಿಲ್ವಾ?" ಎಂದು ಬಿಸಿಬೇಳೆಬಾತಿನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ.

"ಅದು ಆಕ್ಟಿಂಗ್ ಅಲ್ವಾ? ಅಳೋಕೆ ಅವನಿಗೇನು ಕಮ್ಮಿ ಮಾಡಿದೀವಿ? ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಅಂತ ದೊಡ್ಡೋರು ಸುಮ್ನೆ ಹೇಳಿದಾರಾ!"

ಎಲ್ಲವನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಹುಡುಗ ಅಪ್ಪನ ಬೆನ್ನ ಹಿಂದಿನಿಂದ ಬೇಡ ಎಂದು ತಲೆಯಾಡಿಸಿದ. ಬಾಯಿ ಮುಚ್ಚಿಕೊಂಡೆ. ಆ ಸಿಟ್ಟು ಇವತ್ತಿಗೂ ಗಂಟಲಲ್ಲೇ ಇದೆ.

ಅಪ್ಪ ಕಾರು ತರಲು ಹೋದಾಗ ಅವನು ಕಿರೀಟ ಹಿಂದಿರುಗಿಸಲು ಬಂದ. ಕೆನ್ನೆಯ ಬಣ್ಣ ಇನ್ನೂ ತೊಳೆದಿರಲಿಲ್ಲ.

"ಆಂಟಿ, ಅಗಲೇ ಸಾಲ್, ಮುಂದಿನ ವರ್ಷ, ನನಗೆ ರಾಕ್ಷಸನ ಪಾರ್ಟ್ ಕೊಡಿ," ಎಂದ. "ಅವನನ್ನ ನೋಡಿ ಯಾರೂ ನಗಲ್ಲ."