ಗೋರಿಯಿಲ್ಲದ ಝಾಕ್‌ಗೆ ಇಟ್ಟ ಎಡೆ

ಸತ್ತವರು ತಿರುಗಿ ಬರುತ್ತಾರೆ, ಶಕುನ ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ ಅವರ ಎದುರಿಗೇ ನಗುತ್ತಿದ್ದವನು ನಾನು. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಯಾವುದನ್ನೇ ಆಗಲಿ ಅಳೆದು ತೋರಿಸು, ಆಮೇಲೆ ನಂಬುತ್ತೇನೆ ಎನ್ನುವ ಜಾಯಮಾನ. ಇದನ್ನು ಬರೆಯಲು ಇಷ್ಟು ವರ್ಷ ಮೀನಮೇಷ ಎಣಿಸಿದ್ದೂ ಅದಕ್ಕೇ. ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು, ನನ್ನ ಹೆಂಡತಿ ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲಿದ್ದೆವು. ಮಂಡ್ಯದಿಂದ ಅವ್ವ ಬಂದು ನಮ್ಮ ಜೊತೆಗಿದ್ದಳು. ಪಕ್ಕದ ಮನೆಯಲ್ಲಿ ಹೆಲೆನ್ ಡೋಲನ್ ಎಂಬ ವಿಧವೆ ಒಬ್ಬರೇ ವಾಸವಿದ್ದರು. ಅವ್ವನಿಗೆ ಇಂಗ್ಲಿಷ್ ಬರದು, ಆಕೆಗೆ ಕನ್ನಡ ಬರದು. ಆದರೂ ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಅದೇನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. "ಅತ್ತೆಗೆ ನಮಗಿಂತ ಹೆಲೆನಮ್ಮನೇ ಹೆಚ್ಚು" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ಮಿಸೆಸ್ ಡೋಲನ್‌ಗೆ ಇದ್ದದ್ದು ಒಂದೇ ಗೀಳು. ತವರಿನ ಕಡೆಯಿಂದ ಆಕೆ ಫ್ರೆಂಚ್ ಕೆನಡಾದವರು. ಕೆನಡಾ ಇನ್ನೂ ಫ್ರೆಂಚರ ವಸಾಹತಾಗಿದ್ದ ಕಾಲದಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಕ್ವಿಬೆಕ್‌ಗೆ ಬಂದಿಳಿದ ಝಾಕ್ ಎಂಬಾತ ಅವರ ವಂಶದ ಮೂಲಪುರುಷ. ಅಲ್ಲೇ ಮದುವೆಯಾದ, ಮಕ್ಕಳಾದವು. ಒಂದು ಬೇಸಿಗೆಯಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ದೋಣಿಯಲ್ಲಿ ಹೋದವನು ವಾಪಸ್ಸು ಬರಲಿಲ್ಲ. ಹಳೆಯ ಚರ್ಚುಗಳ ದಾಖಲೆಗಳಲ್ಲಿ ಅವನ ಮದುವೆ ಇತ್ತು, ಮಕ್ಕಳ ಜ್ಞಾನಸ್ನಾನ ಇತ್ತು. ಅವನನ್ನು ಮಣ್ಣು ಮಾಡಿದ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಶನಿವಾರಗಳಲ್ಲಿ ಬೇಳೆ, ಮೆಣಸಿನಪುಡಿ ತರಲು ನಾನು ಮ್ಯಾನ್‌ಹಾಟನ್‌ಗೆ ಡ್ರೈವ್ ಮಾಡುವಾಗ ಆಕೆಯನ್ನೂ ಕರೆದೊಯ್ದು ಹಳೆಯ ದಾಖಲೆಗಳಲ್ಲಿ ಅದನ್ನು ಹುಡುಕಲೆಂದು ದೊಡ್ಡ ಲೈಬ್ರರಿಯೊಂದರ ಮುಂದೆ ಇಳಿಸುತ್ತಿದ್ದೆ. ಸಂಜೆ ಕಾರು ಹತ್ತುವಾಗ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಅವತ್ತೂ ಸಿಕ್ಕಿಲ್ಲ ಎಂದು.

ಒಮ್ಮೆ ವಾಪಸ್ಸು ಬರುವಾಗ ನದಿಯಡಿಯ ಸುರಂಗದಲ್ಲಿ ಟ್ರಾಫಿಕ್ ನಿಂತುಬಿಟ್ಟಿತ್ತು. ಯಾವ ಕಾಲದಲ್ಲೋ ಸತ್ತವನ ಗೋರಿ ಹುಡುಕಿ ಏನು ಮಾಡುತ್ತೀರಿ ಎಂದು ಕೇಳಿದೆ. ಆಕೆ ಮಗನ ವಿಷಯ ಹೇಳಿದರು. ಒಬ್ಬನೇ ಮಗ ಮೈಕಲ್ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾಗಿದ್ದ. ಸೆರೆಯಲ್ಲಿದ್ದವರು ಬಿಡುಗಡೆಯಾಗಿ ಮನೆಗೆ ಬಂದಾಗ ಅವರಲ್ಲಿ ಇವನಿರಲಿಲ್ಲ. ಸತ್ತಿದ್ದಾನೆ ಎಂದೂ ಸರ್ಕಾರ ಹೇಳುತ್ತಿರಲಿಲ್ಲ. "ಝಾಕ್‌ನ ಹೆಂಡತಿ ಸಾಯುವ ತನಕ ದಾರಿ ನೋಡಿದಳಂತೆ. ಇಷ್ಟು ಕಾಲದ ಮೇಲೆ ನನಗೆ ಝಾಕ್ ಸಿಕ್ಕರೆ, ಮೈಕಲ್ ಕೂಡ ಸಿಕ್ಕೇ ಸಿಗುತ್ತಾನೆ" ಎಂದರು. ತಲೆಬುಡವಿಲ್ಲದ ಮಾತು. ಆದರೆ ಮಗನನ್ನು ಕಳೆದುಕೊಂಡವರ ಹತ್ತಿರ ಯಾರು ವಾದ ಮಾಡುತ್ತಾರೆ?

ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಿದ್ದೇ ತಡ, ಅವಳು ಕೂತಲ್ಲಿಂದ ಎದ್ದಳು. ಪಿತೃಪಕ್ಷ ನಡೆಯುತ್ತಿತ್ತು. "ಅಲ್ಲ ಕಣಪ್ಪ, ಆ ಝಾಕಪ್ಪಂಗೆ ಇದುವರ್ಗೂ ಯಾರೂ ಒಂದು ಎಡೆ ಇಟ್ಟಿಲ್ವಲ್ಲ. ಪಾಪ, ಎಲ್ಲಿ ಅಲೀತಾವ್ನೋ. ನಮ್ಮೋರ ಜೊತೇಲೇ ಅವನಿಗೂ ಒಂದು ಇಟ್ರೆ ನಮ್ಮ ಗಂಟೇನು ಹೋದದು?" ನಾನು ತಲೆ ಚಚ್ಚಿಕೊಂಡೆ. ಮಿಸೆಸ್ ಡೋಲನ್ ಇದನ್ನು ಕೇಳಿ ನಗುತ್ತಾರೆ ಎಂದುಕೊಂಡಿದ್ದೆ. ಆಕೆ ನಗಲಿಲ್ಲ. "ನಾನೇನು ತರಬೇಕು?" ಎಂದು ಕೇಳಿದರು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಹಿತ್ತಲಿನ ಪಿಕ್ನಿಕ್ ಟೇಬಲ್ಲಿನ ಮೇಲೆ ಎಡೆ ಇಟ್ಟೆವು. ಬಾಳೆಲೆ ಎಲ್ಲಿಂದ ಬರಬೇಕು, ಪೇಪರ್ ಪ್ಲೇಟೇ ಗತಿ. ನಮ್ಮ ತಾತನಿಗೊಂದು, ಅಪ್ಪನಿಗೊಂದು, ಟೇಬಲ್ಲಿನ ಆ ತುದಿಗೆ ಝಾಕ್‌ಗೊಂದು. ದೋಣಿಯ ಜನ ತಿನ್ನುತ್ತಿದ್ದುದು ಇದನ್ನೇ ಎಂದು ಮಿಸೆಸ್ ಡೋಲನ್ ಒಣಬಟಾಣಿ ಬೇಯಿಸಿ ತಂದಿದ್ದರು. ಅದರ ಪಕ್ಕಕ್ಕೆ ಅವ್ವ ಅನ್ನ, ವಡೆ ಬಡಿಸಿದಳು. ಮೇಪಲ್ ಮರದಲ್ಲಿ ಕಾಗೆಗಳಿಗೇನು ಬರ? ಬಂದವು. ತಾತನ ಎಡೆ, ಅಪ್ಪನ ಎಡೆ ನೋಡನೋಡುತ್ತಲೇ ಖಾಲಿಯಾದವು. ಝಾಕ್‌ನದನ್ನು ಒಂದೂ ಮುಟ್ಟಲಿಲ್ಲ. ಒಂದು ಕಾಗೆ ಪ್ಲೇಟಿನ ಪಕ್ಕಕ್ಕೇ ಬಂದು ಕೂತು, ಕತ್ತು ಓರೆ ಮಾಡಿ ನೋಡಿ, ಹಾರಿಹೋಯಿತು. ಬಟಾಣಿಯ ವಾಸನೆ ಹಿಡಿಸಲಿಲ್ಲವೇನೋ ಎಂದು ನಾನು ವಡೆಯನ್ನು ತೆಗೆದು ಬೇರೆ ಇಟ್ಟೆ. ಅದನ್ನೂ ಮುಟ್ಟಲಿಲ್ಲ.

ಕಾಗೆ ಎಡೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮ ಕಡೆ ಲೆಕ್ಕ. ಆಗ ಮನೆಯವರು ಕೈಮುಗಿದು, ನಿನ್ನ ಆಸೆ ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಅವ್ವ ಇದನ್ನು ಹೇಳು ಎಂದಳು, ನಾನು ಮುಜುಗರಪಟ್ಟುಕೊಂಡೇ ಮಿಸೆಸ್ ಡೋಲನ್‌ಗೆ ಹೇಳಿದೆ. ಆಕೆ ಕೈಮುಗಿದು, ನಿನ್ನ ಗೋರಿ ಹುಡುಕುತ್ತೇನೆ ಎಂದರು. ಕಾಗೆಗಳು ಕದಲಲಿಲ್ಲ. ಚರ್ಚಿನಲ್ಲಿ ನಿನ್ನ ಹೆಸರಿಗೆ ಪೂಜೆ ಮಾಡಿಸುತ್ತೇನೆ ಎಂದರು. ಅದಕ್ಕೂ ಇಲ್ಲ. ಆಮೇಲೆ ಆಕೆ ನಮಗೆ ಬೆನ್ನು ಮಾಡಿ, ಟೇಬಲ್ಲಿನ ಹತ್ತಿರ ಹೋಗಿ, ಸಣ್ಣ ದನಿಯಲ್ಲಿ ಫ್ರೆಂಚಿನಲ್ಲಿ ಏನೋ ಹೇಳಿದರು. ಆಕೆ ಬಾಯಿ ಮುಚ್ಚುವಷ್ಟರಲ್ಲಿ ಮರದಿಂದ ಒಂದು ಕಾಗೆ ನೆಟ್ಟಗೆ ಇಳಿದು ಬಂತು. ಅಷ್ಟು ಹತ್ತಿರ ಮನುಷ್ಯರು ನಿಂತಿದ್ದರೂ ಹೆದರದೆ ಪ್ಲೇಟಿನಲ್ಲಿದ್ದದ್ದನ್ನೆಲ್ಲ ತಿಂದಿತು. ಉಳಿದ ಕಾಗೆಗಳು ಕೊಂಬೆ ಬಿಟ್ಟು ಇಳಿಯಲಿಲ್ಲ.

ಅವ್ವ ಸಂತೋಷದಿಂದ ಆಕೆಯ ಬೆನ್ನು ಸವರಿದಳು. ಮಿಸೆಸ್ ಡೋಲನ್ ಮುಖ ಬಿಳಿಚಿಕೊಂಡಿತ್ತು. ಊಟಕ್ಕೂ ನಿಲ್ಲದೆ ಮನೆಗೆ ಹೋದರು. ಮುಂದಿನ ಶನಿವಾರ ಅವರ ಮನೆ ಮುಂದೆ ಕಾರು ನಿಲ್ಲಿಸಿದಾಗ ಬಾಗಿಲಿಗೆ ಬಂದು, ಬೇಡ ಎಂದು ಕೈಯಾಡಿಸಿದರು. ಮತ್ತೆಂದೂ ಆ ಲೈಬ್ರರಿಗೆ ಅವರು ಬರಲಿಲ್ಲ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ಮನೆಯ ಮುಂದೆ ಸೈನ್ಯದ ಕಾರು ಬಂದು ನಿಂತಿತು. ವಿಯೆಟ್ನಾಂನ ಕಾಡಿನಲ್ಲಿ ಮೈಕಲ್‌ನ ಅವಶೇಷ ಸಿಕ್ಕಿತ್ತು. ಕಾಣೆಯಾದಾಗಲೇ ಅವನು ಸತ್ತುಹೋಗಿದ್ದ.

ನಾನೂ ಅವ್ವನೂ ಅನ್ನ ಸಾರು ತೆಗೆದುಕೊಂಡು ಹೋದೆವು. ಆಕೆ ಅಳುತ್ತಿರಲಿಲ್ಲ. ಅವತ್ತು ಹಿತ್ತಲಲ್ಲಿ ಫ್ರೆಂಚಿನಲ್ಲಿ ಹೇಳಿದ್ದೇನು ಎಂದು ತಾವಾಗಿಯೇ ಹೇಳಿದರು. "ಝಾಕ್, ನನ್ನ ಮಗ ನಿನ್ನ ಹತ್ತಿರ ಬಂದಿದ್ದರೆ ಊಟ ಮಾಡು. ಅವನು ಬದುಕಿದ್ದರೆ ಮುಟ್ಟಬೇಡ ಅಂತ ಕೇಳಿದೆ." ಆಮೇಲೆ ಅವ್ವನ ಕಡೆ ಕೈತೋರಿಸಿ ನನಗೆ, "ನಿಮ್ಮ ತಾಯಿಯನ್ನು ಕೇಳಿ. ಅದು ಝಾಕ್ ಕೊಟ್ಟ ಉತ್ತರವೇ? ನಾನು ಹಾಗೆ ಕೇಳಬಾರದಿತ್ತೇ?" ಎಂದರು.

ನಾನು ಒಂದು ಮಾತೂ ಬಿಡದೆ ಅವ್ವನಿಗೆ ತಿಳಿಸಿದೆ. ಕಾಗೆ ಮುಟ್ಟುವ ತನಕ ಹಸಿದ ಮಕ್ಕಳಿಗೂ ಒಂದು ತುತ್ತು ಕೊಡದ ನಮ್ಮವ್ವ, ಬಹಳ ಹೊತ್ತು ಆಕೆಯ ಕೈ ಹಿಡಿದುಕೊಂಡೇ ಕೂತಿದ್ದಳು. ಕೊನೆಗೆ ನನ್ನ ಮುಖ ನೋಡದೆ ಹೇಳಿದಳು: "ಕಾಗೆಗೆ ಹೊಟ್ಟೆ ಹಸಿದಿತ್ತು, ತಿಂತು, ಅಷ್ಟೇಯ ಅಂತ ಹೇಳ್ಬುಡು ಮಗ."

ನಾನು ಜೀವಮಾನವೆಲ್ಲ ನಂಬಿಕೊಂಡು ಬಂದದ್ದು ಅದನ್ನೇ. ಇಂಗ್ಲಿಷಿನಲ್ಲಿ ಹೇಳಿದರೆ ನಾಲ್ಕು ಪದ. ಮಿಸೆಸ್ ಡೋಲನ್ ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಮಾತ್ರ, ಎಷ್ಟು ಪ್ರಯತ್ನಪಟ್ಟರೂ, ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.