ಇನ್ನೊಂದು ಬಿಂದು

ಶಿಡ್ಲಘಟ್ಟದ ಹೈಸ್ಕೂಲಿನ ಗಣಿತದ ಮೇಷ್ಟ್ರು ಆವುಲಪ್ಪನವರಿಗೆ ಅವಸರದ ಉತ್ತರ ಕಂಡರೆ ಆಗದು. ಕೋಷ್ಟಕದಿಂದ ಸಮೀಕರಣ ಬರೆಯುವ ಪಾಠದಲ್ಲಿ, x ಒಂದಾದಾಗ y ಐದು ಎಂದು ಬರೆಯುವಷ್ಟರಲ್ಲೇ ಮಕ್ಕಳು "ಐದರಷ್ಟು ಸಾರ್!" ಎಂದು ಕೂಗುತ್ತಾರೆ. "ಒಂದೇ ಬಿಂದು ನೋಡಿ ಗೆರೆ ಎಳೀಬಾರ್ದು ಕಣ್ರಪ್ಪ, ಇನ್ನೊಂದು ಬರ್ಲಿ" ಎನ್ನುತ್ತ ಮೇಷ್ಟ್ರು ಎರಡಕ್ಕೆ ಏಳು, ಮೂರಕ್ಕೆ ಒಂಬತ್ತು ಎಂದು ಬರೆದು, y = 2x + 3 ಎಂಬಲ್ಲಿಗೆ ಅವರನ್ನು ನಿಧಾನವಾಗಿ ನಡೆಸಿಕೊಂಡು ಹೋಗುತ್ತಾರೆ. ಶಾಲೆಯ ಗೇಟು ದಾಟಿದರೂ ಅದೇ ಮಾತು. ಗೂಡಿನ ರೇಟು ಬಿತ್ತು, ರೇಷ್ಮೆ ಕತೆ ಮುಗೀತು ಎಂದು ಮಾರ್ಕೆಟ್ಟಿನಿಂದ ಬಂದವರು ಗೋಳಾಡಿದರೆ "ನಾಳೇದೂ ಬರ್ಲಿ". ಹೊಸ ಸೊಸೆ ಬಲು ಜೋರು ಎಂದು ಪಕ್ಕದ ಮನೆ ಗಂಗುಲಮ್ಮ ದೂರಿದರೆ "ಇನ್ನೊಂದು ಬಿಂದು ಹೇಳಮ್ಮ". ಸಾರಿಗೆ ಉಪ್ಪು ಹೆಚ್ಚಾದರೂ ಎರಡನೇ ಸೌಟು ಬಡಿಸಿಕೊಂಡೇ ತೀರ್ಪು. ಆದರೆ ಅಪ್ಪನ ತಿಥಿಯ ದಿನ ಎದುರು ಮನೆಯಲ್ಲೇ ಇರುವ ಸ್ವಂತ ಅಣ್ಣ ನಲ್ಲಪ್ಪ "ನೀನೇನ್ ಮಾಡ್ದೆ ಅಪ್ಪಂಗೆ?" ಅಂದದ್ದೇ ಕೊನೆ, ಮೇಷ್ಟ್ರು ಆಮೇಲೆ ಅತ್ತ ಮುಖ ಹಾಕಿಲ್ಲ. ಆ ಮನೆಯ ಬಾಗಿಲು ತೆರೆದಾಗಲೆಲ್ಲ ಹೆಂಡತಿ ಅನಸೂಯಮ್ಮ "ಇನ್ನೊಂದು ಬಿಂದು ಬೇಡ್ವೇನ್ರೀ?" ಎಂದು ಮೆಲ್ಲಗೆ ಕೇಳುತ್ತಾರೆ. ಭಾನುವಾರವಾದರೂ ಮೇಷ್ಟ್ರು ಕೈಯಲ್ಲಿಲ್ಲದ ಸೀಮೆಸುಣ್ಣದ ಪುಡಿ ಕೊಡವುತ್ತ ಕೂರುತ್ತಾರೆ.