ಫಿಲ್ಮ್ ಡಬ್ಬಿಯ ಲವಂಗ

ಹೋದ ತಿಂಗಳು ಗರಾಜು ಖಾಲಿ ಮಾಡುವಾಗ ಹಳೆಯ ನೀಲಿ ವಿಂಡ್‌ಚೀಟರಿನ ಜೇಬಿನಲ್ಲಿ ಒಂದು ಡಬ್ಬಿ ಸಿಕ್ಕಿತು. ಹಿಂದೆ ಕ್ಯಾಮೆರಾ ರೀಲು ಬರುತ್ತಿತ್ತಲ್ಲ, ಆ ಕಪ್ಪು ಪ್ಲಾಸ್ಟಿಕ್ಕಿನದು. ಸಿಕ್ಕಿತು ಎನ್ನುವುದೂ ಸುಳ್ಳೇ. ಮೂರು ಮನೆ ಬದಲಾಯಿಸಿದರೂ ಬಿಸಾಡದೆ ಹೊತ್ತು ತಂದವಳು ನಾನೇ. ಮುಚ್ಚಳ ತೆಗೆದರೆ ಲವಂಗದ ವಾಸನೆ, ಇದ್ದೂ ಇಲ್ಲದ ಹಾಗೆ... ಅಲ್ಲೇ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಈ ಡಬ್ಬಿ ಕಾಕಾ ಅವರದು. ಅವರಿಗೆ ನಾನು ಹೇಳಲೇಬೇಕಾಗಿದ್ದ ಮಾತೊಂದಿತ್ತು, ಹೇಳಲಿಲ್ಲ.

ಎಂಬತ್ತರ ದಶಕದಲ್ಲಿ ಕ್ಯುಪರ್ಟಿನೋದ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ನೆತ್ತಿಯ ಮೇಲಿನ ಮನೆ ಅವರದು. ಧಾರವಾಡದ ಕಡೆಯವರು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಐವತ್ತರ ಆಸುಪಾಸು. ಅವರ ಮಗಳು ಕರೆಯುತ್ತಿದ್ದಳೆಂದು ಅವರ ಹೆಂಡತಿಯನ್ನು ನಾವೂ ಕಾಕು ಎನ್ನುತ್ತಿದ್ದೆವು... ಇಲ್ಲ, ತಪ್ಪಿದೆ, ಮಗಳು ಅವ್ವ ಎನ್ನುತ್ತಿದ್ದಳು. ಕಾಕಾ, ಕಾಕು ಎಂದು ಶುರು ಮಾಡಿದವಳು ನಾನು. ಮೈಸೂರಿನವಳ ಬಾಯಲ್ಲಿ ಅದು ಕೇಳಿ ಇಬ್ಬರೂ ನಗುತ್ತಿದ್ದರು.

ನನಗೆ ಆಗ ಇಪ್ಪತ್ತೇಳು. ಒಂದು ಕಡೆ ಕೂತರೆ ಮೈಯೆಲ್ಲ ಚಡಪಡಿಕೆ. ಗಂಡ ಆಫೀಸಿನಿಂದ ಬಂದು ಸೋಫಾದಲ್ಲಿ ಕಾಲು ಚಾಚಿದರೆ ನನಗೆ ಉರಿಯುತ್ತಿತ್ತು. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಊರಿನ ಪಶ್ಚಿಮದ ಗುಡ್ಡದಲ್ಲಿ ಓಡಲು ಶುರು ಮಾಡಿದ ಮೇಲೆ ಮನೆಯಲ್ಲಿ ಸ್ವಲ್ಪ ಶಾಂತಿ. ಕಾಕಾ ಅದೇ ಗುಡ್ಡಕ್ಕೆ ದಪ್ಪ ಚಕ್ರದ ಸೈಕಲ್ ತರುತ್ತಿದ್ದರು. ಗುಡ್ಡ ಹತ್ತುವ ಸೈಕಲ್ ಎಂಬುದೇ ಆಗ ಹೊಸದು, ನೋಡಿದವರೆಲ್ಲ ತಿರುಗಿ ನೋಡುವರು. ಅವರಿಗೆ ಅವಸರವೆಂಬುದೇ ಇಲ್ಲ. ಏರು ಬಂದರೆ ಮರ್ಯಾದೆಯ ಪ್ರಶ್ನೆಯೇ ಇಲ್ಲದೆ ಇಳಿದು ತಳ್ಳಿಕೊಂಡು ಹೋಗುವರು. ನಾನು ಓಡಿ ಅವರನ್ನು ದಾಟುವುದು, ಇಳಿಜಾರಿನಲ್ಲಿ ಅವರು ಗಂಟೆ ಬಾರಿಸುತ್ತಾ ನನ್ನನ್ನು ದಾಟುವುದು, ಪ್ರತಿ ಭಾನುವಾರ ಇದೇ.

ಒಂದು ಸಲ ನಾನು ದಾರಿ ತಪ್ಪಿ ಗುಡ್ಡದ ಆಚೆ ಬದಿಗೆ ಇಳಿದು, ಎರಡು ಗಂಟೆ ತಡವಾಗಿ ಬಂದೆ. ಗುಡ್ಡದ ಬುಡದ ಪಾರ್ಕಿನ ಗೇಟಿನ ಹತ್ತಿರ ಕಾಕಾ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಬೈಯಲಿಲ್ಲ. ಮುಂದಿನ ವಾರ ಈ ಡಬ್ಬಿ ತಂದರು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಚೀಟಿ ಬರೆದು ಡಬ್ಬಿಗೆ ಹಾಕಬೇಕು, ಗೇಟಿನ ಕಂಬದ ಬುಡದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲಿನಡಿ ಇಡಬೇಕು, ಇಳಿದು ಬಂದವರು ಚೀಟಿ ತೆಗೆಯಬೇಕು. ಕೊನೆಯಲ್ಲಿ ಬಂದವರು ಡಬ್ಬಿಯನ್ನು ಮನೆಗೆ ಒಯ್ಯಬೇಕು. ಒಳಗೆ ನಾಲ್ಕೈದು ಲವಂಗವನ್ನೂ ಹಾಕಿಡುತ್ತಿದ್ದರು. ಬಾಯಲ್ಲಿ ಒಂದಿದ್ದರೆ ಗಂಟಲು ಒಣಗುವುದಿಲ್ಲವಂತೆ. ನನಗೆ ಈ ಚೀಟಿಯ ಉಸಾಬರಿ ಕಂಡರೆ ಆಗುತ್ತಿರಲಿಲ್ಲ. ಓಡಲು ಬಂದವಳು ಪೆನ್ನು ಹುಡುಕುತ್ತಾ ನಿಲ್ಲುವುದೆಂದರೆ?

ಆ ಭಾನುವಾರ ಬೇಗ ಒಬ್ಬಳೇ ಹೋಗಿದ್ದೆ. ಗುಡ್ಡದ ಓಟದ ಸ್ಪರ್ಧೆಯೊಂದು ಹತ್ತಿರ ಬಂದಿತ್ತು. ಚೀಟಿ ಬರೆಯಲಿಲ್ಲ. ಹನ್ನೊಂದಕ್ಕೆ ಇಳಿದು ಬಂದು ವಾಚು ನೋಡಿಕೊಂಡರೆ ಅಂದುಕೊಂಡದ್ದಕ್ಕಿಂತ ಎರಡು ನಿಮಿಷ ಜಾಸ್ತಿ. ನನ್ನ ಮೇಲೇ ಸಿಟ್ಟು. ಅದೇ ಸಿಟ್ಟಿನಲ್ಲಿ ಬಗ್ಗಿ, ಕಲ್ಲು ಸರಿಸಿ, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಕಾರು ಹತ್ತಿದೆ. ಬೆಳಿಗ್ಗೆ ನಾನು ಇಟ್ಟೇ ಇಲ್ಲದ ಡಬ್ಬಿ ಅಲ್ಲಿಗೆ ಹೇಗೆ ಬಂತು ಎಂಬುದು ತಲೆಗೆ ಹೊಳೆಯಲಿಲ್ಲ. ಕೈಗೆ ಅಭ್ಯಾಸವಾಗಿತ್ತು, ಅಷ್ಟೇ.

ಎರಡು ಗಂಟೆಗೆ ಕಾಕು ಕೆಳಗಿಳಿದು ಬಂದರು. ಕಾಕಾ ಊಟಕ್ಕೆ ಬರುವೆನೆಂದು ಹೇಳಿದ್ದರಂತೆ, ಇನ್ನೂ ಇಲ್ಲ.

"ಡಬ್ಬ್ಯಾಗ ಚೀಟಿ ಇತ್ತೇನವಾ?"

"ಇಲ್ಲ ಕಾಕು, ನಾನು ಬರುವಾಗ ಏನೂ ಇರಲಿಲ್ಲ."

ಆ ಕ್ಷಣದಲ್ಲಿ ಅದು ಸುಳ್ಳಾಗಿರಲಿಲ್ಲ. ದೇವರಾಣೆ ನನಗೆ ನೆನಪೇ ಇರಲಿಲ್ಲ. ನನ್ನ ಗಂಡ, ಪಾರ್ಕಿನ ರೇಂಜರುಗಳು ಎಲ್ಲ ಸೇರಿ ಅವರು ಯಾವಾಗಲೂ ಹೋಗುವ ಮೇಲಿನ ದಾರಿಯಲ್ಲಿ ಹುಡುಕಿದರು. ನಾಲ್ಕು ಗಂಟೆಗೆ ನಾನೂ ಹೊರಟೆ. ಗೇಟಿನ ಹತ್ತಿರ ಚಳಿ ಎಂದು ವಿಂಡ್‌ಚೀಟರಿನ ಜೇಬಿಗೆ ಕೈ ಹಾಕಿದೆ.

ಅಲ್ಲಿನ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಡಬ್ಬಿಯ ಚೀಟಿ ಓದಿದೆ. "ಹಳ್ಳದ ದಾರಿ. ಹನ್ನೆರಡೂವರಿಗೆ ಬರ್ತೀನಿ. ಲವಂಗ ಒಂದ ಉಳದದ. ಅದು ನಿನಗ."

ಹೊರಗೆ ಬಂದು ನಾನು ಏನು ಹೇಳಿದೆ ಗೊತ್ತೇ? ಯಾಕೋ ಅವರು ಹಳ್ಳದ ಕಡೆ ಹೋಗಿರಬಹುದು ಅನ್ನಿಸುತ್ತದೆ, ಎಂದೆ. ಅನ್ನಿಸುತ್ತದಂತೆ! ಡಬ್ಬಿ ಜೇಬಿನಲ್ಲೇ ಇತ್ತು.

ಅರ್ಧ ಗಂಟೆಯಲ್ಲಿ ಸಿಕ್ಕರು. ದಂಡೆ ಕುಸಿದು ಸೈಕಲ್ ಸಮೇತ ಬಿದ್ದಿದ್ದರು. ಕಾಲು ಮುರಿದು, ಮಂಡಿಯ ತನಕ ತಣ್ಣೀರಿನಲ್ಲಿತ್ತು. ಆಪರೇಶನ್ ಮಾಡಿದ ಡಾಕ್ಟರು, ಎರಡು ಮೂರು ಗಂಟೆ ಮುಂಚೆ ತಂದಿದ್ದರೆ ಪಾದ ಇಷ್ಟು ಕೆಡುತ್ತಿರಲಿಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ. ಕಾಕಾ ಮತ್ತೆ ಸೈಕಲ್ ಹತ್ತಲಿಲ್ಲ, ಕೋಲು ಹಿಡಿದರು.

ಎಲ್ಲರ ಬಾಯಲ್ಲೂ ನನ್ನದೇ ಹೊಗಳಿಕೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಹೀಗೆ ಹೊಳೆಯುವುದಿಲ್ಲ ಎಂದು ಕಾಕು ಹೋಳಿಗೆ ಮಾಡಿ ಬಡಿಸಿದರು. ತಿಂದೆ. ತುಪ್ಪ ಹಾಕಿಸಿಕೊಂಡು ತಿಂದೆ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕಾಕಾ ತಾವಾಗಿಯೇ ಮಾತು ತೆಗೆದರು.

"ಡಬ್ಬಿ ಗಾಳಿಗೆ ಹಾರಿರಬೇಕು ಬಿಡವಾ."

ಅಂಥ ಕಲ್ಲಿನಡಿಯ ಡಬ್ಬಿ ಯಾವ ಗಾಳಿಗೆ ಹಾರುತ್ತದೆ? ಇರಬೇಕು ಕಾಕಾ, ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದ ಮೇಲೆ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಶೂಸಿನ ದಾರ ಕಟ್ಟುವುದನ್ನು ನೋಡುತ್ತಾ, ಇವತ್ತು ಯಾವ ದಾರಿ ಎಂದು ಕೇಳುವರು. ಪಕ್ಕದಲ್ಲಿ ಜಾಗ ಬಿಟ್ಟೇ ಕೂರುತ್ತಿದ್ದರು. ನಾನು ನಿಂತೇ ಉತ್ತರ ಕೊಟ್ಟು ಓಡುತ್ತಿದ್ದೆ. ಮುಂದಿನ ವಾರ ಹೇಳೋಣ, ಹಬ್ಬ ಕಳೆಯಲಿ, ಸ್ಪರ್ಧೆ ಮುಗಿಯಲಿ... ವರ್ಷದೊಳಗೆ ಅವರು ಬೇರೆ ಮನೆ ಮಾಡಿಕೊಂಡು ಕೊಲ್ಲಿಯ ಆಚೆ, ಈಸ್ಟ್ ಬೇ ಕಡೆ ಹೋದರು. ನಾನು ಆ ಗುಡ್ಡ ಬಿಟ್ಟು ಬೇರೆ ಗುಡ್ಡ ಹಿಡಿದೆ. ಆಮೇಲೆ ಇನ್ನೊಂದು. ಓಡುವುದು ಜಾಸ್ತಿಯಾಯಿತೇ ಹೊರತು ಚಡಪಡಿಕೆ ಕಮ್ಮಿಯಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರೆಂದು ಮಗಳು ಫೋನು ಮಾಡಿದ್ದಳು. ಜ್ವರದ ನೆಪ ಹೇಳಿ ಹೋಗಲಿಲ್ಲ. ಡಬ್ಬಿ ಕೈಗೆ ಬಂದ ಮಾರನೆಯ ದಿನ ಹೋದೆ. ಈಸ್ಟ್ ಬೇ ಕಡೆಯದೇ ಊರು ಡಬ್ಲಿನ್ನಿನಲ್ಲಿ ಮಗಳ ಮನೆ, ಹಿತ್ತಲಿನ ಬಿಸಿಲಿನಲ್ಲಿ ಕಾಕು ಕೂತಿದ್ದರು. ಎಂಬತ್ತು ದಾಟಿದೆ, ಕಣ್ಣು ಮಂಜು. ಡಬ್ಬಿ ಕೈಗಿಟ್ಟು ಇದ್ದದ್ದನ್ನೆಲ್ಲ ಹೇಳಿದೆ. ಅಳು ಬಂತು, ಅತ್ತುಕೊಂಡೇ ಹೇಳಿದೆ.

ಕಾಕು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಕಾಕಾ ಅವರ ಅಕ್ಷರದ ಮೇಲೆ ಬೆರಳಾಡಿಸಿದರು.

"ಅವರಿಗೆ ಗೊತ್ತಿತ್ತವಾ. ನೀ ಬಂದು ಹೇಳ್ತಿ ಅಂತ ದಾರಿ ನೋಡಿದ್ರು. ಕಾಲಿಂದ ಅವರಿಗೆ ಅಷ್ಟ ಬ್ಯಾಸರ ಇರಲಿಲ್ಲ. ನೀ ಮಾತಾಡ್ಲಿಕ್ಕೆ ಬರೋದು ಬಿಟ್ಟಿ ನೋಡು, ಅದು ಇತ್ತು."

ಆಮೇಲೆ ಡಬ್ಬಿಯನ್ನು ಅಂಗೈಗೆ ಬಗ್ಗಿಸಿ, ಆ ಒಂದು ಲವಂಗವನ್ನು ನನ್ನ ಕಡೆ ಚಾಚಿದರು. ನಿನಗಂತ ಬರದಾರಲ್ಲ, ತಿನ್ನು, ಎಂದರು.

ಬಾಯಿಗೆ ಹಾಕಿಕೊಂಡೆ. ಕಡ್ಡಿ ಕಡಿದ ಹಾಗಿತ್ತು, ಖಾರ ಯಾವಾಗಲೋ ಹೋಗಿತ್ತು. ಕಾಕು ಪಕ್ಕದ ಕುರ್ಚಿ ತೋರಿಸಿದರು. ಕೂತೆ.